ಕರಾವಳಿಯ ಗಾಳಿಯಲ್ಲಿರುವ ಪಾದರಸಕ್ಕೆ ಲೆಕ್ಕ ಇಡುವವರಾರು?

ಕಡಬದ ಕೊಯಿಲದಲ್ಲೂ ಬೆಳ್ತಂಗಡಿಯ ಕೊಕ್ಕಡದಲ್ಲೂ ಎಂಡೋಸಲ್ಫಾನ್ ಪೀಡಿತ ಮಕ್ಕಳಿಗಾಗಿ ಪಾಲನಾ ಕೇಂದ್ರಗಳನ್ನು ತೆರೆಯಬೇಕಾಗಿ ಬಂದಾಗಲೇ ನಮ್ಮ ಜಿಲ್ಲೆ ಒಂದು ಪಾಠ ಕಲಿಯಬೇಕಿತ್ತು. ಸುಮಾರು ಎರಡು ದಶಕಗಳ ಕಾಲ ಗೇರು ಅಭಿವೃದ್ಧಿ ನಿಗಮದ ಗುಡ್ಡಗಳ ಮೇಲೆ ಹೆಲಿಕಾಪ್ಟರ್‌ನಿಂದ ವಿಷ ಸುರಿಯಿತು. ಹಾಗೆ ಸುರಿಯುವುದಕ್ಕೆ ಆದೇಶವಿತ್ತು, ಅನುದಾನವಿತ್ತು, ಖರ್ಚಿನ ಲೆಕ್ಕವಿತ್ತು. ಆದರೆ ಆ ಗಾಳಿಯನ್ನು ಉಸಿರಾಡಿದವರ ಮನೆಯಂಗಳದಲ್ಲಿ ಎಷ್ಟು ವಿಷ ಇಳಿಯಿತೆಂಬ ಲೆಕ್ಕ ಮಾತ್ರ ಯಾರಲ್ಲೂ ಇರಲಿಲ್ಲ. ಮುಂದೆ ಮನೆಗಳಲ್ಲಿ ನಡೆಯಲಾರದ, ಮಾತಾಡಲಾರದ ಮಕ್ಕಳು ಕಂಡುಬಂದಾಗ ಅಧಿಕಾರಿಗಳು ಕೇಳಿದ ಮೊದಲ ಪ್ರಶ್ನೆ, "ಇದು ಎಂಡೋಸಲ್ಫಾನ್‌ನಿಂದಲೇ ಆಯಿತೆಂಬುದಕ್ಕೆ ಪುರಾವೆ ಏನು?" ಎಂಬುದಾಗಿತ್ತು. ಪುರಾವೆ ಸಂಗ್ರಹಿಸಬೇಕಿದ್ದವರು ಸಂಗ್ರಹಿಸಲಿಲ್ಲ; ಅದನ್ನು ಒದಗಿಸುವ ಹೊಣೆಯಾದರೋ ಮಗುವನ್ನು ಸೊಂಟದ ಮೇಲೆ ಹೊತ್ತು ಕಚೇರಿ ಅಲೆಯುತ್ತಿದ್ದ ತಾಯಂದಿರ ಮೇಲೆ ಬಿತ್ತು.

ಪುತ್ತೂರು, ಸುಳ್ಯ ಮತ್ತು ಕಡಬದ ಓದುಗರ ಮುಂದೆ ನಾವು ಈ ಹಳೆಯ ಗಾಯವನ್ನು ತೆರೆದಿಡುತ್ತಿರುವುದು ಇನ್ನೊಂದು ವಿಷಯವನ್ನು ಹೇಳುವುದಕ್ಕಾಗಿ. ಆ ವಿಷಯವು ಪಾದರಸ. ಶಾಲೆಯ ಪ್ರಯೋಗಾಲಯದಲ್ಲಿ ಅಂಗೈಯ ಮೇಲೆ ಉರುಳಾಡಿಸಿದ, ಜ್ವರ ನೋಡುವ ಗಾಜಿನ ಕೊಳವೆಯಲ್ಲಿ ಮೇಲೇರುತ್ತಿದ್ದ ಅದೇ ಬೆಳ್ಳನೆಯ ದ್ರವ. ಅದು ಗಾಳಿಯಲ್ಲಿಯೂ ಇದೆ, ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ. ಕರಾವಳಿಯ ಗಾಳಿಯಲ್ಲಿ ಅದು ಎಷ್ಟಿದೆ, ಎಲ್ಲಿಂದ ಬರುತ್ತಿದೆ ಎಂದು ಕೇಳಿದರೆ ಉತ್ತರ ಕೊಡಬಲ್ಲ ಒಂದು ಕಚೇರಿಯನ್ನೂ ಸಾಮಾನ್ಯ ನಾಗರಿಕನು ಕಾಣಲಾರ.

ಇದಕ್ಕೆ ಕಾರಣ ಕಾನೂನಿನಲ್ಲೇ ಇದೆ. 2009ರ ನವೆಂಬರ್‌ನಲ್ಲಿ ಹೊರಡಿಸಲಾದ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳ ಹೆಸರಿದೆ. ಗಂಧಕದ ಡೈ ಆಕ್ಸೈಡ್, ಸಾರಜನಕದ ಡೈ ಆಕ್ಸೈಡ್, ಎರಡು ಬಗೆಯ ಧೂಳಿನ ಕಣಗಳು, ಓಝೋನ್, ಇಂಗಾಲದ ಮಾನಾಕ್ಸೈಡ್, ಅಮೋನಿಯಾ, ಬೆಂಝೀನ್ ಮುಂತಾದವು. ಲೋಹಗಳ ಪೈಕಿ ಸೀಸ ಮತ್ತು ನಿಕ್ಕಲ್ ಇವೆ, ಜೊತೆಗೆ ಆರ್ಸೆನಿಕ್ ಇದೆ. ಪಾದರಸ ಇಲ್ಲ. ಮಂಡಳಿಯವರು ಪ್ರತಿದಿನವೂ ಪ್ರಾಮಾಣಿಕವಾಗಿ ಗಾಳಿಯನ್ನು ಅಳೆದರೂ ಪಾದರಸದ ಅಂಕಣ ಖಾಲಿಯಾಗಿಯೇ ಇರುತ್ತದೆ, ಏಕೆಂದರೆ ಅಂತಹ ಒಂದು ಅಂಕಣವೇ ಇಲ್ಲ. "ನಗರದ ಗಾಳಿ ತೃಪ್ತಿಕರ" ಎಂಬ ಪ್ರಕಟಣೆಯನ್ನು ಓದುವಾಗ ನಾವು ಈ ಸಂಗತಿಯನ್ನು ನೆನಪಿಡಬೇಕು.

ಅಳೆಯದ ವಿಷಕ್ಕೆ ಏನಾಗುತ್ತದೆಂಬುದನ್ನು ಪುತ್ತೂರಿನ ಗಡಿಯಾಚೆಗಿನ ಪಡ್ರೆ ಗ್ರಾಮ ನಮಗೆ ತೋರಿಸಿಕೊಟ್ಟಿದೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಈ ಕನ್ನಡದ ಊರಿನಲ್ಲಿ ಅಂಗವೈಕಲ್ಯದ ಕರುಗಳು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದರು. ಪುತ್ತೂರಿನಿಂದ ಹೊರಡುವ 'ಅಡಿಕೆ ಪತ್ರಿಕೆ'ಯ ಮೂಲಕ ನಮ್ಮ ಓದುಗರಿಗೆ ಪರಿಚಿತರಾದವರೇ ಅವರು. ಆ ಊರಿನಲ್ಲಿ ವೈದ್ಯಕೀಯ ಮಾಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳ ಕಾಯಿಲೆಗಳನ್ನು ಗುರುತು ಹಾಕಿಟ್ಟರು. ಆದರೂ ಸಿಂಪಡಣೆ ನಿಂತದ್ದು 2000ದ ಡಿಸೆಂಬರ್ ಬಳಿಕ. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅಲ್ಲಿನ ಮಣ್ಣು, ನೀರು, ರಕ್ತಗಳಲ್ಲಿ ವಿಷವನ್ನು ಕಂಡಿತು. ಬೇರೊಂದು ಪ್ರಯೋಗಾಲಯ ಏನೂ ಇಲ್ಲವೆಂದಿತು. ವಾದ ವಿವಾದ ನಡೆಯಿತು. ಕೊನೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಬಂದರು. ಅವರು ಸಿಂಪಡಣೆಗೆ ಒಡ್ಡಿಕೊಂಡ ಪ್ರದೇಶದ 117 ಮಂದಿ ಶಾಲಾ ಬಾಲಕರನ್ನು, ಒಡ್ಡಿಕೊಳ್ಳದ ಪ್ರದೇಶದ 90 ಮಂದಿಯೊಂದಿಗೆ ಹೋಲಿಸಿ ನೋಡಿ 2003ರಲ್ಲಿ ವರದಿಯನ್ನು ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಮೊದಲ ಗುಂಪಿನ ನೂರಕ್ಕೆ 78 ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಇತ್ತು. ನಮ್ಮನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಇನ್ನೊಂದು ಅಂಕಿ. ಒಡ್ಡಿಕೊಂಡಿಲ್ಲವೆಂದು ಭಾವಿಸಲಾದ ಮಕ್ಕಳಲ್ಲೂ ನೂರಕ್ಕೆ 29 ಮಂದಿಯ ರಕ್ತದಲ್ಲಿ ಅದಿತ್ತು! ಗಾಳಿಗೆ ಗ್ರಾಮದ ಗಡಿಕಲ್ಲು ಕಾಣುವುದಿಲ್ಲ.

ಈ ಒಂದು ಅಳತೆಯಿಂದ ಪ್ರಕರಣದ ದಿಕ್ಕೇ ಬದಲಾಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್‌ಗೆ ತಡೆ ನೀಡಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಆದೇಶಿಸಿತು. ಇತ್ತ ನಮ್ಮ ಭಾಗದ ಸಂತ್ರಸ್ತರು ಅದೇ ವಿಷವನ್ನು ಉಂಡವರಾಗಿದ್ದೂ ಅಂಗವೈಕಲ್ಯದ ಶೇಕಡಾವಾರು ಪ್ರಮಾಣಪತ್ರ ಹಿಡಿದುಕೊಂಡು ಮಾಸಾಶನಕ್ಕಾಗಿ ಸಾಲು ನಿಲ್ಲಬೇಕಾಯಿತು. ಪಡ್ರೆಯಲ್ಲಿ ನಡೆದಂತಹ ಅಳತೆ ನಮ್ಮ ಗುಡ್ಡಗಳಲ್ಲಿಯೂ ಆ ಕಾಲದಲ್ಲೇ ನಡೆದಿದ್ದರೆ ಇವರ ದನಿಗೆ ಇನ್ನಷ್ಟು ಬಲವಿರುತ್ತಿತ್ತು ಎಂದೇ ನಾವು ಭಾವಿಸುತ್ತೇವೆ.

ಈಗ ಪಾದರಸಕ್ಕೆ ಬರೋಣ. ಎಂಡೋಸಲ್ಫಾನ್ ಎಷ್ಟೇ ಕ್ರೂರಿಯಾದರೂ ಕಾಲಾಂತರದಲ್ಲಿ ಒಡೆದು ಕರಗುವ ರಾಸಾಯನಿಕ. ಪಾದರಸ ಒಂದು ಮೂಲಧಾತು. ಅದನ್ನು ಸುಟ್ಟರೂ ಹೂತರೂ ಅದು ಪಾದರಸವಾಗಿಯೇ ಉಳಿಯುತ್ತದೆ. ಸಾಮಾನ್ಯ ಉಷ್ಣತೆಯಲ್ಲೇ ಆವಿಯಾಗುತ್ತದೆ. ಆವಿಯ ರೂಪದಲ್ಲಿ ಅದು ತಿಂಗಳುಗಟ್ಟಲೆ ವಾತಾವರಣದಲ್ಲಿ ಅಲೆದಾಡಿ ಖಂಡಗಳನ್ನೇ ದಾಟಬಲ್ಲದು. ಆದರೆ ಕಲ್ಲಿದ್ದಲಿನ ಹೊಗೆಯಲ್ಲಿ ಇನ್ನೊಂದು ರೂಪವೂ ಹೊರಬರುತ್ತದೆ. ನೀರಿನಲ್ಲಿ ಸುಲಭವಾಗಿ ಕರಗುವ ಈ ರೂಪವು ದೂರ ಹೋಗದೆ ಕೆಲವೇ ದಿನಗಳಲ್ಲಿ ಮಳೆಯೊಂದಿಗೆ ನೆಲಕ್ಕೆ ಬೀಳುತ್ತದೆ. ಕರಾವಳಿಯಿಂದ ಬೀಸುವ ಪಶ್ಚಿಮದ ಗಾಳಿಯು ಘಟ್ಟಕ್ಕೆ ಬಡಿದು ಮಳೆ ಸುರಿಸುವುದು ಎಲ್ಲಿ? ಸುಳ್ಯ ಮತ್ತು ಕಡಬದ ಕಾಡುಗಳಲ್ಲಿ, ಕುಮಾರಧಾರೆ ಮತ್ತು ಪಯಸ್ವಿನಿಯ ಕಣಿವೆಗಳಲ್ಲಿ. ಅಷ್ಟೇ ಅಲ್ಲ, ಮರದ ಎಲೆಗಳು ಗಾಳಿಯಲ್ಲಿನ ಪಾದರಸದ ಆವಿಯನ್ನು ಹೀರಿಕೊಳ್ಳುತ್ತವೆ; ಎಲೆ ಉದುರಿದಾಗ ಅದು ಮಣ್ಣಿಗೆ ಸೇರುತ್ತದೆ. ದಟ್ಟ ಕಾಡು ಮತ್ತು ಭಾರೀ ಮಳೆ ಎರಡೂ ಇರುವ ಪ್ರದೇಶವು ಸಮುದ್ರತೀರದಿಂದ ದೂರವಿರುವುದರಿಂದಲೇ ಸುರಕ್ಷಿತವೆಂದು ಹೇಳುವಂತಿಲ್ಲ.

ಮೂಲಗಳಾವುವು? 2015ರಲ್ಲಿ ಮನುಷ್ಯರ ಚಟುವಟಿಕೆಗಳಿಂದ ಜಗತ್ತಿನ ಗಾಳಿಗೆ ಸುಮಾರು 2,220 ಟನ್ ಪಾದರಸ ಸೇರಿತೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಹೇಳುತ್ತದೆ. ಅದರಲ್ಲಿ ಅತ್ಯಂತ ದೊಡ್ಡ ಪಾಲು, ಶೇ. 38ರಷ್ಟು, ಬಡ ದೇಶಗಳ ಸಣ್ಣ ಚಿನ್ನದ ಗಣಿಗಳದ್ದು. ಅಲ್ಲಿ ಅದಿರಿನಿಂದ ಚಿನ್ನವನ್ನು ಬೇರ್ಪಡಿಸಲು ಪಾದರಸ ಬಳಸಿ, ಬಳಿಕ ಅದನ್ನು ಬೆಂಕಿಯಲ್ಲಿ ಆವಿ ಮಾಡಿ ಹಾರಿಸುತ್ತಾರೆ. ಮದುವೆಯಲ್ಲಿ ಪವನುಗಳ ಲೆಕ್ಕ ಹಾಕುವ ನಮ್ಮ ಸಮಾಜ ಇದನ್ನೊಮ್ಮೆ ಯೋಚಿಸಬೇಕು. ಎರಡನೆಯ ಸ್ಥಾನ ಕಲ್ಲಿದ್ದಲಿನದು, ಶೇ. 21ರ ಆಸುಪಾಸು.

ನಮ್ಮ ಕರಾವಳಿಯಲ್ಲಿ ಕಲ್ಲಿದ್ದಲನ್ನು ಸುಡುವ ಅತಿ ದೊಡ್ಡ ಒಲೆ ಪಡುಬಿದ್ರೆ ಸಮೀಪದ ಎಲ್ಲೂರಿನದು. ತಲಾ 600 ಮೆಗಾವ್ಯಾಟ್‌ನ ಎರಡು ಘಟಕಗಳು, ನವಮಂಗಳೂರು ಬಂದರಿನಲ್ಲಿ ಇಳಿಯುವ ಆಮದು ಕಲ್ಲಿದ್ದಲು. ಆ ಸ್ಥಾವರ ನಿಯಮ ಮೀರಿ ಪಾದರಸ ಬಿಡುತ್ತಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ಮೀರುತ್ತಿಲ್ಲವೆಂದು ಜನರು ನಂಬಬೇಕಾದರೆ ಅದರ ಚಿಮಣಿಯ ಪಾದರಸದ ಅಂಕಿಗಳು ಎಲ್ಲರೂ ಓದುವಂತೆ ಪ್ರಕಟವಾಗಬೇಕಲ್ಲವೇ? ಉಷ್ಣ ವಿದ್ಯುತ್ ಸ್ಥಾವರಗಳ ಚಿಮಣಿಯಲ್ಲಿ ಘನ ಮೀಟರಿಗೆ 0.03 ಮಿಲಿಗ್ರಾಂ ಎಂಬ ಪಾದರಸದ ಮಿತಿಯನ್ನು ಕೇಂದ್ರವು 2015ರ ಡಿಸೆಂಬರ್‌ನಲ್ಲೇ ವಿಧಿಸಿದೆ. ಹೊಗೆಯಿಂದ ಗಂಧಕವನ್ನು ತೊಳೆಯುವ ಸಲಕರಣೆಯು ನೀರಿನಲ್ಲಿ ಕರಗುವ ಪಾದರಸವನ್ನೂ ಬಹುಪಾಲು ಹಿಡಿಯುತ್ತದೆ. ಆದರೆ 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯವು ದೇಶದ ಹೆಚ್ಚಿನ ಸ್ಥಾವರಗಳಿಗೆ ಈ ಸಲಕರಣೆಯ ಕಡ್ಡಾಯದಿಂದ ವಿನಾಯಿತಿ ನೀಡಿಬಿಟ್ಟಿತು. ಅದು ಗಂಧಕದ ಕುರಿತಾದ ತೀರ್ಮಾನವೆಂದೇ ಚರ್ಚೆಯಾಯಿತು. ಪಾದರಸದ ಹೆಸರನ್ನು ಎತ್ತಿದವರು ವಿರಳ.

ಉತ್ತರಕ್ಕೆ ಹೋದರೆ ಕಾರವಾರದ ಬಿಣಗಾ. ಅಲ್ಲಿನ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸುತ್ತಲಿನ ಪಾದರಸದ ಬಗ್ಗೆ ಪಿ.ಕೆ. ಕೃಷ್ಣಕುಮಾರ್ ಮತ್ತು ವಿ.ಕೆ. ಪಿಳ್ಳೈ ಎಂಬ ಮೀನುಗಾರಿಕಾ ವಿಜ್ಞಾನಿಗಳು 1990ರಲ್ಲೇ ಅಧ್ಯಯನ ಪ್ರಕಟಿಸಿದ್ದರು. ಆ ಉದ್ಯಮವು ಬಳಿಕ ದೇಶದಾದ್ಯಂತ ಬಹುತೇಕ ಪಾದರಸವನ್ನು ಬಿಟ್ಟು ಬೇರೆ ತಂತ್ರಜ್ಞಾನಕ್ಕೆ ಬದಲಾಯಿತು. ಅಂದರೆ ಅಳತೆ, ಅದರ ಹಿಂದೆ ಒತ್ತಡ, ಅದರ ಹಿಂದೆ ಬದಲಾವಣೆ ಸಾಧ್ಯವೆಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿಯಾಗಿದೆ. ಕೃಷಿಯಲ್ಲಿಯೂ ಹಾಗೆಯೇ. ಕಬ್ಬು, ಆಲೂಗಡ್ಡೆಯ ಬಿತ್ತನೆಗೆ ಹಚ್ಚುತ್ತಿದ್ದ ಪಾದರಸದ ಶಿಲೀಂಧ್ರನಾಶಕವನ್ನು 2018ರಲ್ಲಿ ನಿಷೇಧಿಸಲಾಯಿತು.

"ಇಷ್ಟು ಸೂಕ್ಷ್ಮವಾದ ವಸ್ತುವನ್ನು ನಮ್ಮಂತಹ ಊರಿನಲ್ಲಿ ಅಳೆಯುವುದೆಂತು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವೇ. ಉತ್ತರಾರ್ಧ ಗೋಳದ ಶುಚಿಯಾದ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು ಒಂದೂವರೆ ನ್ಯಾನೋಗ್ರಾಂ ಪಾದರಸವಿರುತ್ತದೆ. ಒಂದು ಗ್ರಾಂನ ನೂರು ಕೋಟಿಯ ಒಂದು ಭಾಗವೇ ನ್ಯಾನೋಗ್ರಾಂ. ಆದರೆ ಇದನ್ನು ಹಿಡಿಯುವ ಉಪಾಯ ನಮ್ಮ ಅಕ್ಕಸಾಲಿಗರಿಗೆಲ್ಲ ಗೊತ್ತಿರುವಂಥದ್ದು. ಪಾದರಸ ಚಿನ್ನಕ್ಕೆ ಅಂಟಿಕೊಳ್ಳುತ್ತದೆ. ಚಿನ್ನ ಲೇಪಿಸಿದ ಕೊಳವೆಯ ಮೂಲಕ ಗಾಳಿಯನ್ನು ಹಾಯಿಸಿ, ಬಳಿಕ ಕೊಳವೆಯನ್ನು ಕಾಯಿಸಿ, ಬಿಡುಗಡೆಯಾದ ಆವಿಯ ಮೇಲೆ ಬೆಳಕು ಹಾಯಿಸಿ ಲೆಕ್ಕ ಹಾಕುತ್ತಾರೆ. ಅದರ ಜೊತೆಗೆ ಗಾಳಿಯ ದಿಕ್ಕನ್ನೂ ಗಂಧಕದ ಡೈ ಆಕ್ಸೈಡನ್ನೂ ಅಳೆದರೆ ಮೂಲವೂ ಕ್ರಮೇಣ ಬಯಲಾಗುತ್ತದೆ. ಒಂದೇ ದಿಕ್ಕಿನಿಂದ ಗಾಳಿ ಬೀಸಿದಾಗ ಎರಡೂ ಒಟ್ಟಿಗೆ ಏರಿದರೆ ಆ ದಿಕ್ಕಿನಲ್ಲಿ ಕಲ್ಲಿದ್ದಲಿನ ಒಲೆಯನ್ನು ಹುಡುಕಬೇಕು. ಪಾದರಸ ಮಾತ್ರ ಏರಿದರೆ ಬೇರೆ ಮೂಲವನ್ನು. ಘಟ್ಟದ ಸಾಲಿನಲ್ಲೇ ಇರುವ ಕೊಡೈಕನಾಲ್ ಜಾಗತಿಕ ಪಾದರಸ ವೀಕ್ಷಣಾ ಜಾಲದ ಒಂದು ಠಾಣೆಯಾಗಿತ್ತು. ಅಲ್ಲಿ ಸಾಧ್ಯವಾದದ್ದು ಸುಳ್ಯದಲ್ಲಿ ಅಸಾಧ್ಯವೇನಲ್ಲ.

ಕೊಡೈಕನಾಲ್‌ನ ಹೆಸರು ಬಂದದ್ದರಿಂದ ಇನ್ನೊಂದು ಸಂಗತಿ. ಅಲ್ಲಿ ಹಿಂದುಸ್ತಾನ್ ಲಿವರ್ ಕಂಪೆನಿಯ ಜ್ವರಮಾಪಕ ಕಾರ್ಖಾನೆಯೊಂದಿತ್ತು. ಪಾದರಸ ಮೆತ್ತಿದ ಗಾಜಿನ ಚೂರುಗಳು ಗುಜರಿ ಅಂಗಡಿಯಲ್ಲಿ ಪತ್ತೆಯಾದ ಬಳಿಕ 2001ರಲ್ಲಿ ಅದು ಮುಚ್ಚಿತು. ಕಾರ್ಮಿಕರೊಂದಿಗಿನ ಒಪ್ಪಂದ ಆದದ್ದು 15 ವರ್ಷಗಳ ಬಳಿಕ, 2016ರಲ್ಲಿ. ಆ ಕಾರ್ಖಾನೆಯ ಸುತ್ತಲಿನ ಗಾಳಿಯ ಸ್ಥಿತಿಯನ್ನು ತಿಳಿಯಲು ಹೈದರಾಬಾದಿನ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಲಕ್ಷಾಂತರ ರೂಪಾಯಿಯ ಠಾಣೆಯನ್ನೇನೂ ನಿಲ್ಲಿಸಲಿಲ್ಲ. ಮರದ ಮೇಲಿನ ಪಾಚಿಯನ್ನೂ ಕಲ್ಲುಹೂವನ್ನೂ ಕಿತ್ತು ತಂದು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಕಲ್ಲುಹೂವಿಗೆ ಬೇರಿಲ್ಲ, ಅದು ಬೇಕಾದುದೆಲ್ಲವನ್ನೂ ಗಾಳಿ ಮತ್ತು ಮಳೆಯಿಂದಲೇ ಪಡೆಯುತ್ತದೆ. ಆದ್ದರಿಂದ ವರ್ಷಗಟ್ಟಲೆಯ ಗಾಳಿಯ ಲೆಕ್ಕಪುಸ್ತಕ ಅದರ ಮೈಯಲ್ಲಿರುತ್ತದೆ. ನಮ್ಮ ಅಡಿಗೆಮನೆಯ ಮಸಾಲೆ ಡಬ್ಬದಲ್ಲಿ ಅದರ ಬಂಧುವನ್ನು ಎಲ್ಲರೂ ಕಂಡಿದ್ದೇವೆ. ನಮ್ಮ ಅಡಿಕೆ ಮರದ ಕಾಂಡದ ಮೇಲೆಯೂ ಬಿಳಿ ಹಸುರು ಮಚ್ಚೆಗಳಾಗಿ ಅದು ಬೆಳೆದಿದೆ. ಎಲ್ಲೂರಿನಿಂದ ಆರಂಭಿಸಿ ಮಂಗಳೂರು, ಪುತ್ತೂರು, ಕಡಬ, ಸುಬ್ರಹ್ಮಣ್ಯದವರೆಗೆ ಹತ್ತಿಪ್ಪತ್ತು ಕಡೆಗಳಿಂದ ಇದನ್ನು ಸಂಗ್ರಹಿಸಿ ಒಂದು ಒಳ್ಳೆಯ ಪ್ರಯೋಗಾಲಯಕ್ಕೆ ಕಳುಹಿಸುವುದು ನಮ್ಮ ಕಾಲೇಜುಗಳ ಶಕ್ತಿಗೆ ಮೀರಿದ ಕೆಲಸವಲ್ಲ. ಸುರತ್ಕಲ್‌ನಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಿದೆ, ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯವಿದೆ, ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಕೇಂದ್ರ ಸರಕಾರದ ಗೇರು ಸಂಶೋಧನಾ ಸಂಸ್ಥೆಯಿದೆ. ಕೊರತೆ ಇರುವುದು ವಿದ್ಯೆಗಲ್ಲ, ಕೇಳುವವರಿಗೆ.

ಪಾದರಸವು ಗಾಳಿಯಿಂದ ನೇರವಾಗಿ ನಮ್ಮನ್ನು ತಲಪುವುದಕ್ಕಿಂತ ಹೆಚ್ಚಾಗಿ ತಟ್ಟೆಯ ಮೂಲಕ ತಲಪುತ್ತದೆ. ಮಳೆಯೊಂದಿಗೆ ನದಿ, ಕೆಸರು, ಸಮುದ್ರ ಸೇರಿದ ಪಾದರಸವನ್ನು ಸೂಕ್ಷ್ಮಾಣುಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದನ್ನು ಸಣ್ಣ ಜೀವಿ ತಿನ್ನುತ್ತದೆ, ಆ ಜೀವಿಯನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು. ಪ್ರತಿ ಮೆಟ್ಟಿಲಲ್ಲೂ ಅದರ ಸಾಂದ್ರತೆ ಏರುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತದಲ್ಲಿ ಮೀನು ತಿಂದ ತಾಯಂದಿರು ಹೊರನೋಟಕ್ಕೆ ಆರೋಗ್ಯವಾಗಿಯೇ ಕಂಡಿದ್ದರೂ ಅವರಿಗೆ ಹುಟ್ಟಿದ ಮಕ್ಕಳ ಮಿದುಳು ಜಖಂಗೊಂಡಿತ್ತು. ಈ ವಿಷಕ್ಕೆ ಅತ್ಯಂತ ಸುಲಭವಾಗಿ ತುತ್ತಾಗುವುದು ಗರ್ಭದಲ್ಲಿರುವ ಶಿಶು.

ಇದನ್ನು ಓದಿ ಯಾರೂ ಮೀನು ಬಿಡಬೇಕಾಗಿಲ್ಲ. ಈ ಎಚ್ಚರಿಕೆಯನ್ನು ನಾವು ಬೇಕೆಂದೇ ಹೇಳುತ್ತಿದ್ದೇವೆ. ಬೆಳಗ್ಗೆ ದಕ್ಕೆಗೆ ಹೋಗಿ ಮೀನು ತಂದು ಸ್ಕೂಟರಿನ ಪೆಟ್ಟಿಗೆಯಲ್ಲಿ ಊರೂರು ಮಾರುವ ನಮ್ಮ ಸಹೋದರರ ಅನ್ನವು ಒಂದು ವಾಟ್ಸ್ಆ್ಯಪ್ ವದಂತಿಯಿಂದ ಕೆಡುವುದನ್ನು ನಾವು ಕಂಡಿದ್ದೇವೆ. ಬೂತಾಯಿ ಮತ್ತು ಬಂಗುಡೆ ಸಣ್ಣ ಮೀನುಗಳು, ಕಡಿಮೆ ಕಾಲ ಬದುಕುವಂಥವು. ಅವುಗಳಲ್ಲಿ ಪಾದರಸ ಸೇರಿಕೊಳ್ಳುವುದು ಅಲ್ಪ, ಪೌಷ್ಟಿಕಾಂಶವೋ ಅಪಾರ. ಬಹುಕಾಲ ಬದುಕಿ ಇತರ ಮೀನುಗಳನ್ನು ತಿಂದು ಬೆಳೆಯುವ ಶಾರ್ಕ್, ದೊಡ್ಡ ಗಾತ್ರದ ಅಂಜಲ್‌ನಂಥವನ್ನು ಗರ್ಭಿಣಿಯರಿಗೆ ಮತ್ತು ಪುಟ್ಟ ಮಕ್ಕಳಿಗೆ ಪದೇ ಪದೇ ಬಡಿಸದಿದ್ದರೆ ಸಾಕು. ಬಸುರಿ ಸೊಸೆಗೆ ದುಬಾರಿ ಮೀನನ್ನೇ ತರಬೇಕೆಂಬ ಅತ್ತೆಯ ಪ್ರೀತಿ ದೊಡ್ಡದು, ನಿಜ. ಈ ವಿಷಯದಲ್ಲಿ ಬಡವರ ಬೂತಾಯಿಯೇ ಮೇಲು.

ಮನೆಯೊಳಗೂ ಒಂದಿಷ್ಟು ಕೆಲಸವಿದೆ. ಗಾಜಿನ ಜ್ವರಮಾಪಕ ಒಡೆದರೆ ಪೊರಕೆಯಿಂದ ಗುಡಿಸಬಾರದು, ಅದರಿಂದ ಹನಿಗಳು ಇನ್ನಷ್ಟು ಚೂರಾಗಿ ಹರಡುತ್ತವೆ. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಿಕಿ ತೆರೆದು, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟು ಮಾಡಿ ಮುಚ್ಚಳದ ಬಾಟಲಿಯಲ್ಲಿ ತುಂಬಬೇಕು. ಕೆಟ್ಟ ಟ್ಯೂಬ್‌ಲೈಟುಗಳಲ್ಲಿಯೂ ಸಿಎಫ್‌ಎಲ್ ಬಲ್ಬುಗಳಲ್ಲಿಯೂ ಕೆಲವು ಮಿಲಿಗ್ರಾಂ ಪಾದರಸವಿರುತ್ತದೆ. ನಮ್ಮ ಮಸೀದಿ, ಮದ್ರಸ, ಮದುವೆ ಹಾಲ್‌ಗಳ ಹಿಂಬದಿಯಲ್ಲಿ ಇಂತಹ ಹಳೆಯ ಕೊಳವೆಗಳ ರಾಶಿಯನ್ನು ಯಾರು ಕಂಡಿಲ್ಲ! ಅವನ್ನು ಒಡೆಯದೆ ತೆಗೆದಿಟ್ಟು ಇಲೆಕ್ಟ್ರಾನಿಕ್ ತ್ಯಾಜ್ಯದವರಿಗೆ ಒಪ್ಪಿಸುವುದು ಜಮಾಅತ್ ಕಮಿಟಿಗೆ ದೊಡ್ಡ ಹೊರೆಯೇನೂ ಆಗದು.

ಆದರೆ ಜ್ವರಮಾಪಕದ ಒಂದು ಗ್ರಾಮಿನ ಬಗ್ಗೆ ಗೃಹಿಣಿಗೆ ಉಪದೇಶ ಮಾಡಿ, ಚಿಮಣಿಯ ಬಗ್ಗೆ ಮೌನ ವಹಿಸುವುದು ನ್ಯಾಯವಲ್ಲ. ಭಾರತವು ಮಿನಮಾಟ ಒಪ್ಪಂದವನ್ನು 2018ರ ಜೂನ್‌ನಲ್ಲಿ ಅನುಮೋದಿಸಿದೆ. ಹೊರಸೂಸುವಿಕೆಯನ್ನು ನಿಯಂತ್ರಿಸುತ್ತೇವೆ, ಮೂಲಗಳ ಪಟ್ಟಿ ಮಾಡುತ್ತೇವೆ ಎಂದು ಜಗತ್ತಿಗೆ ಮಾತು ಕೊಟ್ಟಿದೆ. ಆ ಮಾತು ಜಿಲ್ಲಾ ಮಟ್ಟಕ್ಕೆ ಇಳಿದದ್ದನ್ನು ನಾವು ಕಂಡಿಲ್ಲ. ಇಳಿಸಬೇಕಾದ ಜನಪ್ರತಿನಿಧಿಗಳಾದರೋ ಯಾರ ತಟ್ಟೆಯಲ್ಲಿ ಯಾವ ಮಾಂಸವಿದೆ, ಯಾರ ಅಂಗಡಿ ಜಾತ್ರೆಯಲ್ಲಿರಬೇಕು ಎಂಬ ಚರ್ಚೆಯಲ್ಲಿ ಮಗ್ನರಾಗಿದ್ದಾರೆ. ವಿಪಕ್ಷದಲ್ಲಿದ್ದಾಗ ಪರಿಸರದ ಮಾತಾಡಿದವರು ಅಧಿಕಾರಕ್ಕೆ ಬಂದೊಡನೆ ಉದ್ಯೋಗದ ಮಾತಾಡುವುದು ಎಲ್ಲ ಪಕ್ಷಗಳ ಚಾಳಿ. ಕೊಕ್ಕಡದ ಸಂತ್ರಸ್ತರ ಪಟ್ಟಿಯಲ್ಲಿ ಎಲ್ಲ ಧರ್ಮದ ಮಕ್ಕಳಿದ್ದಾರೆ. ಆ ಮಕ್ಕಳ ಹೆಸರಿನಲ್ಲಿ ಕರಾವಳಿಯಲ್ಲಿ ಒಂದು ದಿನದ ಬಂದ್‌ಗೆ ಕರೆ ಕೊಡಬೇಕೆಂದು ನಮ್ಮ ಧರ್ಮರಕ್ಷಕರಿಗೆ ಎಂದಾದರೂ ಅನಿಸಿತೇ?

ಹಾಗಾಗಿ ಕೇಳುವ ಕೆಲಸವನ್ನು ಓದುಗರೇ ಆರಂಭಿಸಬೇಕಾಗಿದೆ. ಮಾಹಿತಿ ಹಕ್ಕು ಕಾಯಿದೆ 2005ರಿಂದಲೂ ನಮ್ಮ ಕೈಯಲ್ಲಿದೆ. ಹತ್ತು ರೂಪಾಯಿಯ ಅರ್ಜಿಯೊಂದರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಬಹುದು: ಕರಾವಳಿಯಲ್ಲಿ ಕಲ್ಲಿದ್ದಲು ಸುಡುವ ಕೈಗಾರಿಕೆಗಳಾವುವು? ಪ್ರತಿಯೊಂದರ ಚಿಮಣಿಯಲ್ಲಿ ಪಾದರಸವನ್ನು ಕೊನೆಯ ಬಾರಿ ಅಳೆದದ್ದು ಎಂದು, ಅಳೆದವರು ಯಾರು, ಸಿಕ್ಕ ಅಂಕಿ ಎಷ್ಟು? ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮಳೆನೀರಿನ ಅಥವಾ ಗಾಳಿಯ ಪಾದರಸ ಪರೀಕ್ಷೆ ನಡೆದಿದೆಯೇ? ನಡೆದಿದ್ದರೆ ವರದಿಯ ಪ್ರತಿ ಕೊಡಿ. ನಡೆದಿಲ್ಲವಾದರೆ ಅದನ್ನೇ ಬರವಣಿಗೆಯಲ್ಲಿ ಕೊಡಿ. "ನಡೆದಿಲ್ಲ" ಎಂಬ ಸಹಿ ಮೊಹರಿನ ಒಂದು ಹಾಳೆಯೂ ಬೆಲೆಬಾಳುವ ದಾಖಲೆಯೇ. ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಹಾರುತ್ತಿದ್ದ ಕಾಲದಲ್ಲಿ ಅಂತಹ ಒಂದು ಹಾಳೆಯನ್ನು ಯಾರೂ ಕೇಳಿ ಪಡೆದಿಟ್ಟುಕೊಂಡಿರಲಿಲ್ಲ.